ಹಿಂಭಾಗ ತೂಗುತ್ತಿರುವ ಕುದುರೆ: ವೈದ್ಯರು ಬರುವ ಮೊದಲು ಏನೇನು ನೋಡಿಡಬೇಕು?

ಕಡಲದಂಡೆ, ಕುಮಟಾ
ಗೋಕರ್ಣದ ಕಡಲತೀರದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುವ ಎರಡು ಕುದುರೆಗಳು ನಮ್ಮಲ್ಲಿವೆ. ಅದರಲ್ಲಿ ಕೆಂಚ ಎನ್ನುವುದು ಆರು ವರ್ಷದ ಗಂಡು, ಬೀಜ ಒಡೆಸಿದ್ದು. ಮಳೆಗಾಲ ಕಳೆದು ಕೆಲಸ ಶುರುವಾದ ಮೇಲೆ ಇದರ ನಡಿಗೆ ಸರಿಯಿಲ್ಲ. ನೇರ ಹೋಗುವಾಗ ಅಷ್ಟಾಗಿ ತಿಳಿಯುವುದಿಲ್ಲ. ತಿರುಗಿಸಿದರೆ ಹಿಂಭಾಗ ಒಂದು ಕಡೆ ವಾಲುತ್ತದೆ, ಎಡ ಹಿಂಗಾಲು ಎಲ್ಲೆಲ್ಲೋ ಬೀಳುತ್ತದೆ. ಹುರುಳಿ, ಹುಲ್ಲು ಎಲ್ಲ ತಿನ್ನುತ್ತಿದೆ. ಗೊರಸು ತಟ್ಟಿ ನೋಡಿದೆ, ನೋವಿದ್ದಂತಿಲ್ಲ. ಒಬ್ಬರು ಸೊಂಟಕ್ಕೆ ಬರೆ ಹಾಕಿಸು ಎನ್ನುತ್ತಾರೆ, ಇನ್ನೊಬ್ಬರು ನೋವಿನ ಇಂಜೆಕ್ಷನ್ ಕೊಡಿಸಿ ಕೆಲಸಕ್ಕೆ ಹಚ್ಚು ಎನ್ನುತ್ತಾರೆ. ಪಶು ಆಸ್ಪತ್ರೆಯ ವೈದ್ಯರು ನಾಡಿದ್ದು ಬರುತ್ತೇನೆ ಎಂದಿದ್ದಾರೆ. ಈ ಭಾಗದಲ್ಲಿ ಅವರ ಕೈಗೆ ಬರುವುದು ದನ, ಎಮ್ಮೆ, ನಾಯಿ. ಅದನ್ನು ಅವರೇ ಹೇಳಿಕೊಂಡರು. “ನರದ ಪರೀಕ್ಷೆ ಮಾಡೋಣ, ಅಷ್ಟರಲ್ಲಿ ಕಂಡದ್ದನ್ನು ಬರೆದಿಡಿ” ಎಂದರು. ಏನನ್ನು ನೋಡಬೇಕು, ಹೇಗೆ ನೋಡಬೇಕು, ತಿಳಿದವರು ಹೇಳಿ.

ಮಜಾಳಿ ಮಾವ, ಕಾರವಾರ
ಮೊದಲು ಜೀನು ಇಳಿಸಿಡಿ. ಹಿಂಗಾಲಿನ ಹಿಡಿತ ತಪ್ಪಿದ ಕುದುರೆಯ ಮೇಲೆ ಯಾರದೋ ಮನೆಯ ಮಗುವನ್ನು ಕೂರಿಸುವುದು ಬೇಡ. ಇಲ್ಲಿಯ ಕಡಲತೀರದಲ್ಲಿ ಒಮ್ಮೆ ಎಡವುವ ಕುದುರೆಗೆ ಬಣ್ಣದ ಗೊಂಡೆ ಕಟ್ಟಿ ಫೋಟೋಕ್ಕೆ ನಿಲ್ಲಿಸಿದ್ದನ್ನು ನೋಡಿ ಜಗಳವಾಡಿ ಬಂದಿದ್ದೇನೆ.

ಕಡಲದಂಡೆ, ಕುಮಟಾ
ಇಳಿಸಿ ಆಗಿದೆ ಮಾವ. ಈಗ ಮನೆಯ ಹಿತ್ತಿಲಲ್ಲಿದೆ.

ಹಳೇ ಲಗಾಮು, ಹಳಿಯಾಳ
ಇದು ಸೊಂಟ ಹಿಡಿದದ್ದು. ನಮ್ಮ ಅಜ್ಜನ ಕಾಲದಲ್ಲಿ ಸೊಂಟದ ಮೇಲೆ ಎರಡು ಬರೆ ಎಳೆಯುತ್ತಿದ್ದರು, ತಿಂಗಳೊಳಗೆ ಕುದುರೆ ನೆಟ್ಟಗೆ ನಡೆಯುತ್ತಿತ್ತು. ಈಗಿನವರಿಗೆ ಎಲ್ಲದಕ್ಕೂ ಪರೀಕ್ಷೆ ಬೇಕು.

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಇಲಾಖೆಯಿಂದ ನಿವೃತ್ತನಾದವನು ನಾನು. ಸೇವೆಯ ಬಹುಪಾಲು ಕೊಟ್ಟಿಗೆಗಳಲ್ಲೇ ಹೋಯಿತು. ನಡುವೆ ಕೆಲವು ವರ್ಷ ಕುದುರೆಗಳಿರುವ ಊರಿನಲ್ಲಿದ್ದೆ, ಅದರ ಬಲದ ಮೇಲೆ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಹುಚ್ಚುನಾಯಿ ರೋಗದ ಮಾತು. ನಮ್ಮ ದೇಶದಲ್ಲಿ ನರದ ತೊಂದರೆ ತೋರುವ ಯಾವ ಕುದುರೆಯನ್ನೂ, ಬೇರೆ ಕಾರಣ ಖಚಿತವಾಗುವವರೆಗೆ, ರೇಬಿಸ್ ಇರಬಹುದು ಎಂಬ ಎಚ್ಚರದಲ್ಲೇ ಮುಟ್ಟಬೇಕು. ಕುದುರೆಯಲ್ಲಿ ಅದು ಯಾವಾಗಲೂ ಕಚ್ಚುವ, ಹುಚ್ಚೇಳುವ ರೂಪದಲ್ಲಿ ಬರುವುದಿಲ್ಲ. ಬರೀ ಹಿಂಗಾಲಿನ ಸೋಲಾಗಿಯೋ ಹೊಟ್ಟೆನೋವಿನಂತೆಯೋ ಶುರುವಾಗಬಹುದು. ಲಕ್ಷಣ ಕಾಣಿಸಿದ ಮೇಲೆ ಸಾಮಾನ್ಯವಾಗಿ ವಾರ, ಹತ್ತು ದಿನದೊಳಗೆ ಎಲ್ಲ ಮುಗಿಯುತ್ತದೆ. ಆದ್ದರಿಂದ ಜೊಲ್ಲು ಸುರಿಯುತ್ತಿದ್ದರೆ “ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ” ಎಂದು ಬಾಯಿಗೆ ಬರಿಗೈ ಹಾಕಬೇಡಿ. ಕೈಗವಸು ಹಾಕಿಕೊಳ್ಳಿ, ಕೈಯಲ್ಲಿ ಗಾಯವಿದ್ದವರು ದೂರವಿರಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಇತ್ತೀಚೆಗೆ ನಾಯಿ ಅಥವಾ ನರಿ ಕಚ್ಚಿದ ಗುರುತಿದೆಯೇ ಎಂದು ಕಾಲು, ಮೂತಿ ನೋಡಿ.

ಎರಡನೆಯದು ನಿಮ್ಮ ಸುರಕ್ಷತೆ. ಹೆಚ್ಚುಕಡಿಮೆ ನಾನೂರು ಕಿಲೋ ತೂಗುವ ಪ್ರಾಣಿಗೆ ತನ್ನ ಕಾಲು ಎಲ್ಲಿದೆ ಎಂಬುದೇ ಗೊತ್ತಿಲ್ಲದಿದ್ದರೆ ಅದು ಯಾವ ಕಡೆ ಬೀಳುತ್ತದೆ ಎಂದು ನಿಮಗೂ ತಿಳಿಯದು. ಹಗ್ಗ ಹಿಡಿದವರೂ ನೋಡುವವರೂ ಒಂದೇ ಮಗ್ಗುಲಲ್ಲಿ ನಿಲ್ಲಬೇಕು. ಗೋಡೆಗೂ ಕುದುರೆಗೂ ನಡುವೆ ಯಾರೂ ನಿಲ್ಲಬಾರದು.

ಮೂರನೆಯದು: ಪರೀಕ್ಷೆಗೆ ಮೊದಲು ಮಂಪರಿನ ಔಷಧ ಕೊಡಿಸಬೇಡಿ. ಆರೋಗ್ಯವಂತ ಕುದುರೆಯೂ ಅದರ ಅಮಲಿನಲ್ಲಿ ತೂರಾಡುತ್ತದೆ. ನೋವಿನ ಇಂಜೆಕ್ಷನ್ನಿಗೂ ನಾಡಿದ್ದಿನವರೆಗೆ ತಡೆಯಿರಿ. ಅದರಿಂದ ಕುಂಟು ಅಡಗುತ್ತದೆ, ಆಮೇಲೆ ನೋವು ಯಾವುದು ನರ ಯಾವುದು ಎಂದು ಬಿಡಿಸುವುದು ಕಷ್ಟ.

ಬರೆಯ ವಿಷಯ ಹಳಿಯಾಳದವರಿಗೆ: ಬೆನ್ನುಹುರಿಯ ಊತ ಕೆಲವೊಮ್ಮೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಆ ಕೀರ್ತಿ ಬರೆಗೆ ಹೋಗುತ್ತದೆ. ಇಳಿಯದೆ ಸತ್ತ ಕುದುರೆಗಳ ಕಥೆಯನ್ನು ಅಜ್ಜಂದಿರು ಹೇಳುವುದಿಲ್ಲ. ಸುಟ್ಟ ಸೊಂಟದ ನೋವಿಗೆ ಹೆಜ್ಜೆ ಬದಲಾದರೆ ನಡಿಗೆಯ ಪರೀಕ್ಷೆಯೂ ಕೆಟ್ಟಿತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಇದೆ ಎಂಬುದು ನೆನಪಿರಲಿ.

ಶರಾವತಿ ತೀರ, ಹೊನ್ನಾವರ
ಡಾಕ್ಟರೇ, ಇಷ್ಟೆಲ್ಲ ಯಾಕೆ, ಮನುಷ್ಯರಿಗೆ ಮಾಡುವಂತೆ ಎಂಆರ್‌ಐ ಮಾಡಿಸಲು ಆಗುವುದಿಲ್ಲವೇ?

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಕಾಲಿನ ಮಾತು ಬಿಟ್ಟರೆ, ಬೆಳೆದ ಕುದುರೆಯ ತಲೆ ಮತ್ತು ಕುತ್ತಿಗೆಯ ಮೇಲ್ಭಾಗ ಮಾತ್ರ ಆ ಯಂತ್ರದ ಕೊಳವೆಯೊಳಗೆ ಹೋಗುತ್ತದೆ. ಎದೆ, ಸೊಂಟ ಹೋಗುವುದಿಲ್ಲ. ಅದೂ ಪೂರ್ಣ ಅರಿವಳಿಕೆ ಕೊಟ್ಟು ಮಾಡುವ ಕೆಲಸ. ಸರಿಯಾಗಿ ಹೆಜ್ಜೆಯಿಡಲಾರದ ಕುದುರೆ ಅರಿವಳಿಕೆಯಿಂದ ಎದ್ದು ನಿಲ್ಲುವ ಹೊತ್ತಿಗೆ ಕಾಲು ಮುರಿದುಕೊಳ್ಳುವ ಅಪಾಯವೂ ಇದೆ. ಕಣ್ಣು, ಕೈ, ಟಾರ್ಚು, ಒಂದು ಪೆನ್ನು, ಸ್ವಲ್ಪ ಇಳಿಜಾರು. ನಮ್ಮ ಕಡೆ ಇಷ್ಟರಲ್ಲೇ ಬಹಳ ದೂರ ಹೋಗಬಹುದು.

ಈ ಪರೀಕ್ಷೆಯ ಗುಟ್ಟೇನೆಂದರೆ, ಅದು ಕೇಳುವ ಮೊದಲ ಪ್ರಶ್ನೆ “ಯಾವ ರೋಗ” ಎಂಬುದಲ್ಲ, “ಎಲ್ಲಿ” ಎಂಬುದು. ಮೆದುಳೋ, ಕಿರುಮೆದುಳೋ, ಕುತ್ತಿಗೆಯ ಬೆನ್ನುಹುರಿಯೋ, ಎದೆ ಸೊಂಟದ ಬೆನ್ನುಹುರಿಯೋ, ಬಾಲದ ಬುಡದ ನರಗಳೋ, ಅಥವಾ ಕಾಲಿಗೆ ಹೋಗುವ ಒಂದೇ ಒಂದು ನರವೋ. ಜಾಗ ಗೊತ್ತಾದರೆ ರೋಗಗಳ ಪಟ್ಟಿ ಅರ್ಧಕ್ಕಿಳಿಯುತ್ತದೆ. ಜಾಗ ತಿಳಿಯದೆ ಔಷಧ ಬರೆಯುವವರ ಮೇಲೆ ನನಗೆ ಸಿಟ್ಟಿದೆ, ಇರಲಿ.

ದೂರ ನಿಂತು ಆರಂಭಿಸಿ. ಕುದುರೆಗೆ ನಿಮ್ಮ ಪರಿವೆ ಇದೆಯೇ? ಕಿವಿ ಶಬ್ದದ ಕಡೆ ತಿರುಗುತ್ತದೆಯೇ? ಗೋಡೆಗೆ ತಲೆ ಒತ್ತುವುದು, ಒಂದೇ ದಿಕ್ಕಿನಲ್ಲಿ ಸುತ್ತುತ್ತಲೇ ಇರುವುದು, ಬಾಯಲ್ಲಿ ಹುಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆಯುವುದು ಮೆದುಳಿನ ಕಡೆ ಬೊಟ್ಟು ಮಾಡುತ್ತವೆ. ತಲೆ ಒಂದು ಬದಿಗೆ ವಾಲಿದ್ದರೆ ಒಳಗಿವಿಯ ಸಮತೋಲನದ ನರ. ಮೇವಿನ ಕಡೆ ಮೂತಿ ಚಾಚುವಾಗ ತಲೆ ನಡುಗಿದರೆ ಕಿರುಮೆದುಳು.

ಆಮೇಲೆ ಮುಖ. ಮೆದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಹೆಚ್ಚಿನವನ್ನು ಮುಖದ ಮುಂದೆ ನಿಂತೇ ನೋಡಿಬಿಡಬಹುದು. ಅಂಗೈಯನ್ನು ಕಣ್ಣಿನ ಕಡೆ ತಟ್ಟನೆ ತನ್ನಿ, ಆದರೆ ಗಾಳಿ ಬೀಸಬಾರದು, ರೆಪ್ಪೆಯ ಕೂದಲಿಗೂ ತಗಲಬಾರದು. ಕಾಣುವ ಕುದುರೆ ಕಣ್ಣು ಮುಚ್ಚಿ ತಲೆ ಹಿಂದೆಳೆಯುತ್ತದೆ. ಗಾಳಿ ತಗಲಿದರೆ ಕುರುಡು ಕುದುರೆಯೂ ಮುಚ್ಚುತ್ತದೆ, ಎಷ್ಟೋ ಜನ ಇಲ್ಲೇ ಮೋಸ ಹೋಗುತ್ತಾರೆ. ಎಳೆಯ ಮರಿಗಳಲ್ಲಿ ಮೊದಲ ಕೆಲವು ದಿನ ಈ ಪ್ರತಿಕ್ರಿಯೆ ಇರುವುದೇ ಇಲ್ಲ. ಕತ್ತಲೆ ಮಾಡಿ ಟಾರ್ಚು ಬಿಡಿ. ಕುದುರೆಯ ಪಾಪೆ ಅಡ್ಡಕ್ಕೆ ಉದ್ದ, ಬೆಳಕಿಗೆ ನಮ್ಮ ಪಾಪೆಗಿಂತ ನಿಧಾನವಾಗಿ ಕಿರಿದಾಗುತ್ತದೆ, ಗಾಬರಿಯಾಗಬೇಡಿ. ರೆಪ್ಪೆಯ ಮೂಲೆ ಮುಟ್ಟಿದರೆ ಕಣ್ಣು ಪಿಳುಕಿಸಬೇಕು. ಮೂಗಿನ ಹೊಳ್ಳೆಯ ಒಳಗೋಡೆಗೆ ಪೆನ್ನಿನ ತುದಿ ತಾಗಿಸಿದರೆ ತಲೆ ಕೊಡವಬೇಕು. ಎರಡೂ ಬದಿ ಒಂದೇ ರೀತಿ ಇದೆಯೇ ಎಂಬುದೇ ಮುಖ್ಯ.

ಕಡಲದಂಡೆ, ಕುಮಟಾ
ಡಾಕ್ಟರೇ, ಹೇಳಿದಂತೆ ನೋಡಿದೆ. ಕಣ್ಣು, ರೆಪ್ಪೆ, ಮೂಗು ಎಲ್ಲ ಎರಡೂ ಕಡೆ ಸರಿಯಿದೆ. ಹುಷಾರಾಗಿದೆ, ಹುರುಳಿ ಡಬ್ಬಿಯ ಸದ್ದಿಗೆ ಕೆನೆಯುತ್ತದೆ. ಕೆಳತುಟಿ ಮಾತ್ರ ಬಲಕ್ಕೆ ಸ್ವಲ್ಪ ಎಳೆದಂತೆ ಕಾಣುತ್ತದೆ. ಇದು ಮೆದುಳಿನದೇ?

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಎಡ ಕಿವಿ ಜೋತಿದೆಯೇ? ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುತ್ತದೆಯೇ?

ಕಡಲದಂಡೆ, ಕುಮಟಾ
ಕಿವಿ ನೆಟ್ಟಗಿದೆ. ರೆಪ್ಪೆಯೂ ಮುಚ್ಚುತ್ತದೆ. ತುಟಿ ಒಂದೇ.

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಹಾಗಿದ್ದರೆ ರಾತ್ರಿ ಮುಖಪಟ್ಟಿ ಬಿಚ್ಚದೆ ಬಿಡುತ್ತೀರಿ ಎಂದು ನನ್ನ ಊಹೆ. ಮುಖದ ಸ್ನಾಯುಗಳನ್ನು ಆಡಿಸುವ ನರದ ಕೊಂಬೆಗಳು ಕುದುರೆಯ ಕೆನ್ನೆಯ ಮೇಲೆ ಚರ್ಮದಡಿಯಲ್ಲೇ ಹಾದು ತುಟಿಗೆ ಹೋಗುತ್ತವೆ. ಮಲಗಿದಾಗ ಪಟ್ಟಿಯ ಕಬ್ಬಿಣದ ಕೊಂಡಿ ಅಲ್ಲಿ ಒತ್ತಿದರೆ ಆ ಬದಿಯ ತುಟಿ ಸೋಲುತ್ತದೆ, ಗಟ್ಟಿಯಿರುವ ಬದಿ ಅದನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆದ್ದರಿಂದ ಬಲಕ್ಕೆ ಎಳೆದಿದೆ ಎಂದರೆ ಸೋತದ್ದು ಎಡ. ನರದ ಬುಡದಲ್ಲೋ ಮೆದುಳಿನ ಕಾಂಡದಲ್ಲೋ ತೊಂದರೆಯಿದ್ದಿದ್ದರೆ ಕಿವಿ, ರೆಪ್ಪೆ, ತುಟಿ ಮೂರೂ ಸೋಲಬೇಕಿತ್ತು. ಪಟ್ಟಿ ಬಿಚ್ಚಿಡಿ. ಇದನ್ನು ಹಿಂಗಾಲಿನ ಜೊತೆ ಸೇರಿಸಬೇಡಿ.

ಕಡಲದಂಡೆ, ಕುಮಟಾ
ಊಹೆ ಸರಿ. ಎಡಗೆನ್ನೆಯ ಮೇಲೆ ಕೊಂಡಿಯ ಅಚ್ಚು, ಕೂದಲು ಸವೆದು ಚರ್ಮ ಕಾಣುತ್ತಿದೆ. ಬಿಚ್ಚಿದೆ.

ಪಶುವೈದ್ಯ ವಿದ್ಯಾರ್ಥಿನಿ, ಯಲ್ಲಾಪುರ
ನಾನು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದೇನೆ. ಸರ್, ಒಂದು ಸೇರಿಸಲೇ? ಕುಂಟಿಗೂ ನರದ ತೂರಾಟಕ್ಕೂ ವ್ಯತ್ಯಾಸ ನೋಡುವಾಗ ನಮಗೆ ಹೇಳಿಕೊಟ್ಟದ್ದು ಇಷ್ಟು: ಕುಂಟುವ ಕುದುರೆ ಪ್ರತಿ ಹೆಜ್ಜೆಯಲ್ಲೂ ಒಂದೇ ಥರ ಕುಂಟುತ್ತದೆ. ನರದ ತೊಂದರೆಯಿರುವ ಕುದುರೆಯ ಒಂದು ಹೆಜ್ಜೆ ಇನ್ನೊಂದರಂತಿರುವುದಿಲ್ಲ. ಒಮ್ಮೆ ಅಗಲ, ಒಮ್ಮೆ ಇಕ್ಕಟ್ಟು, ಒಮ್ಮೆ ಎತ್ತರ, ಒಮ್ಮೆ ಎಳೆದಾಟ. ಕುಡಿದವನು ಗದ್ದೆಯ ಬದುವಿನ ಮೇಲೆ ನಡೆಯುವ ಹಾಗೆ.

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಸರಿಯಾಗಿ ಹೇಳಿದೆಯಮ್ಮ. ನಡಿಗೆಯೇ ಈ ಪರೀಕ್ಷೆಯ ಜೀವಾಳ, ಅದಕ್ಕೆ ಅರ್ಧ ಗಂಟೆ ಕೊಟ್ಟರೂ ಹೆಚ್ಚಲ್ಲ.

ಕುಮಟಾದವರೇ, ಒಣ ಮರಳಿನಲ್ಲಿ ನಡೆಸಬೇಡಿ. ಅದರಲ್ಲಿ ಒಳ್ಳೆಯ ಕುದುರೆಯೂ ಜೋಲಿ ಹೊಡೆಯುತ್ತದೆ. ಗಟ್ಟಿ ನೆಲ ಬೇಕು. ನೇರ ನಡೆಸಿ, ಹಾವಿನಂತೆ ಅಂಕುಡೊಂಕಾಗಿ ನಡೆಸಿ. ನಂತರ ಕುದುರೆಯ ತಲೆಯನ್ನು ನಿಮ್ಮತ್ತ ಎಳೆದು ಬಿಗಿಯಾದ ಸುತ್ತು ಹಾಕಿಸಿ, ಎರಡೂ ದಿಕ್ಕಿಗೆ. ನರ ಸೋತ ಕಡೆಯ ಹಿಂಗಾಲು ಸುತ್ತಿನ ಹೊರಬದಿಯಲ್ಲಿದ್ದಾಗ ದೂರಕ್ಕೆ ಬೀಸಿಕೊಂಡು ಬರುತ್ತದೆ, ಒಳಬದಿಯಲ್ಲಿದ್ದಾಗ ಗೊರಸನ್ನು ಎತ್ತದೆ ಅಲ್ಲೇ ತಿರುಚಿಕೊಳ್ಳುತ್ತದೆ. ಹಿಂದಕ್ಕೆ ನಡೆಸಿ. ಚಿರೆಕಲ್ಲಿನ ಒಂದು ಮೆಟ್ಟಿಲು ಹತ್ತಿಸಿ ಇಳಿಸಿ. ತಲೆಯನ್ನು ಎತ್ತಿ ಹಿಡಿದು ಇಳಿಜಾರಿನಲ್ಲಿ ಇಳಿಸಿ. ಆಗ ನೆಲ ಕಣ್ಣಿಗೆ ಬೀಳುವುದಿಲ್ಲ, ಮರೆಯಲ್ಲಿದ್ದ ಸೋಲು ಹೊರಬೀಳುತ್ತದೆ. ಮುಂಗಾಲು ಗಾಳಿಯಲ್ಲಿ ತೇಲಿದಂತೆ ತಡೆದು ಬೀಳುತ್ತಿದ್ದರೆ ಕುತ್ತಿಗೆಯ ಮೇಲೆ ಅನುಮಾನ.

ಬಾಲ ಎಳೆಯುವ ಪರೀಕ್ಷೆಯನ್ನು ವೈದ್ಯರೇ ಮಾಡಲಿ. ಕುದುರೆ ನಡೆಯುತ್ತಿರುವಾಗ ಪೃಷ್ಠದ ಪಕ್ಕದಲ್ಲಿ ಜೊತೆಗೆ ನಡೆಯುತ್ತ ಬಾಲವನ್ನು ತಮ್ಮತ್ತ ಎಳೆಯಬೇಕು. ಆರೋಗ್ಯವಂತ ಕುದುರೆ ಎದುರು ಎಳೆಯುತ್ತದೆ. ಸೋತದ್ದು ಬಂದುಬಿಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ನಿಂತಾಗ ಎಳೆದರೆ ಗಟ್ಟಿಯಾಗಿ ನಿಂತು, ನಡೆಯುವಾಗ ಎಳೆದರೆ ಸುಲಭವಾಗಿ ವಾಲಿದರೆ, ಕಾಲಿಗೆ ಹೋಗುವ ನರ ಚೆನ್ನಾಗಿದೆ, ಮೇಲಿನಿಂದ ಬರುವ ಆಜ್ಞೆಯ ದಾರಿ ಕೆಟ್ಟಿದೆ ಎಂದರ್ಥ. ನಿಂತಾಗಲೂ ಸೋತರೆ ಕಾಲಿನ ನರದ ಬುಡವೇ ಕೆಟ್ಟಿರಬಹುದು.

ಕಡಲದಂಡೆ, ಕುಮಟಾ
ಗಟ್ಟಿ ನೆಲ ಎಂದಿರಲ್ಲ, ಇಳಿತದ ಹೊತ್ತಿಗೆ ನೀರು ಹಿಂದೆ ಸರಿದ ಮೇಲೆ ಉಳಿಯುವ ಒದ್ದೆ ಮರಳು ನಮ್ಮಲ್ಲಿ ರಸ್ತೆಯಷ್ಟೇ ಗಟ್ಟಿ. ಬೆಳಿಗ್ಗೆ ಜನ ಬರುವ ಮೊದಲು ಅಲ್ಲಿ ನಡೆಸಿದೆವು. ಹೆಜ್ಜೆ ಗುರುತಿನ ಫೋಟೋ ಹಾಕಿದ್ದೇನೆ, ನೋಡಿ. ಮುಂಗಾಲು ಎರಡೂ ಚೊಕ್ಕ, ಗೊರಸಿನ ಅಂಚು ಅಚ್ಚೊತ್ತಿದಂತೆ ಕುಳಿತಿದೆ. ಬಲ ಹಿಂಗಾಲಿನ ಗುರುತಿನ ಮುಂದೆ ಅಲ್ಲಲ್ಲಿ ಸಣ್ಣ ಗೀರು. ಎಡ ಹಿಂಗಾಲಿಗೆ ಮಾತ್ರ ಒಂದು ಗುರುತಿನಿಂದ ಇನ್ನೊಂದರವರೆಗೆ ಉದ್ದಕ್ಕೆ ಗೆರೆ ಎಳೆದಿದೆ, ಆ ಗೆರೆಯೂ ನೆಟ್ಟಗಿಲ್ಲ. ಸುತ್ತು ಹಾಕಿಸಿದಲ್ಲಿ ಎಡ ಹಿಂಗಾಲಿನ ಗೊರಸು ತಿರುಚಿ ಮರಳಿನಲ್ಲಿ ಬಟ್ಟಲಿನಂಥ ಗುಳಿ ಬಿದ್ದಿದೆ. ಹಿಂದಕ್ಕೆ ನಡೆಸಿದರೆ ಎರಡು ಹೆಜ್ಜೆ ಇಟ್ಟು ಕುಳಿತೇಬಿಡುವಂತಾಯಿತು, ನಿಲ್ಲಿಸಿದೆ.

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಇಂಥ ದಾಖಲೆ ನನ್ನ ಸೇವೆಯಲ್ಲಿ ಯಾರೂ ಕೊಟ್ಟಿರಲಿಲ್ಲ. ಘಟ್ಟದ ಮೇಲಿನ ನಮಗೆ ಈ ಸೌಲಭ್ಯವಿಲ್ಲ. ಎಡ ಹಿಂಗಾಲಿನ ಗೊರಸಿನ ಮುಂತುದಿ ಸವೆದಿದೆಯೇ ನೋಡಿ. ಸವೆದು ಚಪ್ಪಟೆಯಾಗಿದ್ದರೆ ತೊಂದರೆ ನೀವು ಗಮನಿಸಿದ್ದಕ್ಕಿಂತ ಹಳೆಯದು.

ಕಡಲದಂಡೆ, ಕುಮಟಾ
ಸ್ವಲ್ಪ ಸವೆದಿದೆ. ಬಲದ್ದಕ್ಕೆ ಹೋಲಿಸಿದರೆ ತಿಳಿಯುತ್ತದೆ.

ಶರಾವತಿ ತೀರ, ಹೊನ್ನಾವರ
ಮಾತಿನ ಮಧ್ಯೆ ಬಂದೆ, ಕ್ಷಮೆಯಿರಲಿ. ಇದೇ ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಅರಬ್ಬೀ ಕುದುರೆಗಳನ್ನು ಹಡಗಿನಿಂದ ಇಳಿಸಿ ಘಟ್ಟ ಹತ್ತಿಸಿ ವಿಜಯನಗರಕ್ಕೆ ಕಳಿಸುತ್ತಿದ್ದರಂತೆ. ಇಷ್ಟು ಸೊಳ್ಳೆ, ಇಷ್ಟು ಮಳೆಯ ಕರಾವಳಿಯಲ್ಲಿ ಅವು ಹೇಗೆ ಬದುಕುತ್ತಿದ್ದವೋ!

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಹೆಚ್ಚು ಬದುಕುತ್ತಿರಲಿಲ್ಲ. ದಕ್ಷಿಣದ ರಾಜರು ವರ್ಷವರ್ಷವೂ ಕುದುರೆ ಕೊಳ್ಳಬೇಕಾಗಿದ್ದು ಯುದ್ಧದಿಂದಷ್ಟೇ ಅಲ್ಲ. ಇಲ್ಲಿಯ ಹವೆ, ಮೇವು, ಆರೈಕೆ ಅವುಗಳಿಗೆ ಒಗ್ಗುತ್ತಿರಲಿಲ್ಲ ಎಂದು ಮಾರ್ಕೊ ಪೋಲೋ ಕೂಡ ಬರೆದಿದ್ದಾನೆ. ನೀವು ಸೊಳ್ಳೆ ಎಂದದ್ದು ಒಳ್ಳೆಯದಾಯಿತು, ಅಲ್ಲಿಗೇ ಬರುತ್ತಿದ್ದೇನೆ.

ಮೊದಲು ಜಾಗ ಗುರುತಿಸೋಣ. ತಲೆ, ಮುಖ ಸರಿಯಿದೆ, ತುಟಿಗೆ ಕಾರಣ ಸಿಕ್ಕಿದೆ. ಮೆದುಳಿನ ಮಾತಿಲ್ಲ. ಮುಂಗಾಲಿನ ಗುರುತು ಚೊಕ್ಕವಾಗಿದೆ, ಹಾಗಾಗಿ ಕುತ್ತಿಗೆಯ ಬೆನ್ನುಹುರಿಯ ಮೇಲಿನ ಅನುಮಾನ ಕಡಿಮೆ. ಪೂರ್ತಿ ಇಲ್ಲ ಎನ್ನಲಾರೆ, ಕುತ್ತಿಗೆಯ ಸಣ್ಣ ಒತ್ತಡದಲ್ಲೂ ಹಿಂಗಾಲೇ ಮೊದಲು ಸೋಲುತ್ತದೆ. ಬಾಲ ಆಡಿಸುತ್ತದೆಯೇ, ಮೂತ್ರ ತೊಟ್ಟಿಕ್ಕುತ್ತದೆಯೇ, ಲದ್ದಿ ಸಲೀಸಾಗಿ ಹಾಕುತ್ತದೆಯೇ ತಿಳಿಸಿ. ಗುದದ ಪಕ್ಕ ಪೆನ್ನಿನಿಂದ ಮುಟ್ಟಿದರೆ ಅದು ಬಿಗಿದು ಬಾಲ ಒತ್ತಿಕೊಳ್ಳಬೇಕು. ಪಕ್ಕದಲ್ಲಿ ನಿಂತು ಮುಟ್ಟಿ, ಹಿಂದೆ ನಿಲ್ಲಬೇಡಿ.

ಇನ್ನೊಂದು. ಹೆಗಲಿನ ಹಿಂದಿನಿಂದ ಕೊನೆಯ ಪಕ್ಕೆಲುಬಿನವರೆಗೆ ಮುಚ್ಚಿದ ಪೆನ್ನಿನಿಂದ ಮೆಲ್ಲಗೆ ಚುಚ್ಚುತ್ತ ಹೋಗಿ. ನೊಣ ಕೂತಾಗ ಆಗುವಂತೆ ಚರ್ಮ ಅದುರಬೇಕು. ಚುಚ್ಚಿದ ಸುದ್ದಿ ಅಲ್ಲಲ್ಲಿಯ ಎದೆನರದಿಂದ ಬೆನ್ನುಹುರಿಗೆ ಹೋಗಿ, ಅದರೊಳಗೇ ಮುಂದಕ್ಕೆ ಸಾಗಿ, ಕುತ್ತಿಗೆ ಎದೆ ಕೂಡುವ ಜಾಗದಿಂದ ಹೊರಬಿದ್ದು ಚರ್ಮದ ಸ್ನಾಯುವನ್ನು ಆಡಿಸುತ್ತದೆ. ಎಲ್ಲಿಂದ ಹಿಂದಕ್ಕೆ ಅದುರುವುದು ನಿಲ್ಲುತ್ತದೋ ಅಲ್ಲೊಂದು ಸುಣ್ಣದ ಗುರುತು ಮಾಡಿ.

ಕಡಲದಂಡೆ, ಕುಮಟಾ
ಬಾಲ, ಮೂತ್ರ, ಲದ್ದಿ ಸರಿಯಿದೆ. ಗುದ ಬಿಗಿಯುತ್ತದೆ. ಬಲ ಮಗ್ಗುಲಲ್ಲಿ ಕೊನೆಯವರೆಗೂ ಚರ್ಮ ಅದುರಿತು. ಎಡ ಮಗ್ಗುಲಲ್ಲಿ ಹಿಂದಿನ ಮೂರು ನಾಲ್ಕು ಪಕ್ಕೆಲುಬಿನ ಮೇಲೆ ಅದುರಲಿಲ್ಲ, ಮತ್ತೆ ಮತ್ತೆ ನೋಡಿದೆ. ಸುಣ್ಣದ ಗುರುತು ಹಾಕಿದ್ದೇನೆ.

ಪಶುವೈದ್ಯ ವಿದ್ಯಾರ್ಥಿನಿ, ಯಲ್ಲಾಪುರ
ಸರ್, ಹಾಗಾದರೆ ಎದೆಯ ಹಿಂಭಾಗದ ಬೆನ್ನುಹುರಿ, ಎಡಕ್ಕೆ ಹೆಚ್ಚು! ಪುಸ್ತಕದಲ್ಲಿ ಓದಿದ್ದು ಹೀಗೆ ಸುಣ್ಣದ ಗೆರೆಯಾಗಿ ಕಾಣುತ್ತದೆ ಎಂದುಕೊಂಡಿರಲಿಲ್ಲ. ನಮ್ಮ ಪುಸ್ತಕಗಳಲ್ಲಿ ಇಂಥ ಅಸಮ ತೂರಾಟಕ್ಕೆ ಮೊದಲು ಬರುವುದು ಅಮೆರಿಕದ ಇಪಿಎಂ, ಪರಜೀವಿಯೊಂದು ಬೆನ್ನುಹುರಿ, ಮೆದುಳಿಗೆ ಹೊಕ್ಕು ತರುವ ರೋಗ. ಇಲ್ಲಿ ಅದು ಇರಬಹುದೇ?

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಅದನ್ನು ಹರಡುವುದು ಅಮೆರಿಕ ಖಂಡದ ಒಪಾಸಮ್ ಎಂಬ ಪ್ರಾಣಿ. ಅದು ನಮ್ಮ ಕಾಡಿನಲ್ಲಿಲ್ಲ. ಕುಮಟಾದಲ್ಲಿ ಹುಟ್ಟಿ ಬೆಳೆದ ಕುದುರೆಗೆ ಆ ಚಿಂತೆ ಬೇಡ. ನಮ್ಮ ಪಟ್ಟಿ ಬೇರೆ, ನಮ್ಮ ನೆಲದ್ದು.

ಭಾರತದಲ್ಲಿ ಹಿಂದಿನಿಂದಲೂ ಕುಮ್ರಿ ಎಂದು ಕರೆಯುವ ಕುದುರೆಯ ಸೊಂಟದ ಸೋಲು ಒಂದಿದೆ. ಸೆಟೇರಿಯಾ ಡಿಜಿಟೇಟಾ ಎಂಬ ದಾರದಂಥ ಹುಳು ದನ ಎಮ್ಮೆಗಳ ಹೊಟ್ಟೆಯ ಪೊಳ್ಳಿನಲ್ಲಿರುತ್ತದೆ, ಅಲ್ಲಿ ಹೆಚ್ಚು ತೊಂದರೆ ಕೊಡದೆ ಬಾಳುತ್ತದೆ. ಅದರ ಮರಿಗಳು ರಕ್ತದಲ್ಲಿ ಓಡಾಡುತ್ತವೆ. ಸೊಳ್ಳೆ ದನವನ್ನು ಕಚ್ಚಿ ಅವನ್ನು ಹೀರಿಕೊಂಡು ಆಮೇಲೆ ಕುದುರೆಯನ್ನೋ ಆಡನ್ನೋ ಕಚ್ಚಿದರೆ, ಹುಳುವಿನ ಮರಿ ಅಪರಿಚಿತ ದೇಹದಲ್ಲಿ ದಾರಿ ತಪ್ಪಿ ಅಲೆಯುತ್ತ ಬೆನ್ನುಹುರಿಗೂ ನುಗ್ಗುತ್ತದೆ. ಒಂದೇ ಒಂದು ಮರಿ ಸಾಕು. ಅದು ಹೋದ ದಾರಿಯಲ್ಲಷ್ಟೇ ಗಾಯ. ಹಾಗಾಗಿ ಲಕ್ಷಣ ಒಂದು ಬದಿಗೆ ಹೆಚ್ಚು, ಜ್ವರ ಇರುವುದಿಲ್ಲ, ಹಸಿವು ಕೆಡುವುದಿಲ್ಲ, ಮಳೆಗಾಲದ ಸೊಳ್ಳೆಯ ಬೆನ್ನಿಗೇ ಕಾಣಿಸಿಕೊಳ್ಳುತ್ತದೆ. ನಿಮ್ಮ ಕುದುರೆ ಮಳೆಗಾಲದಲ್ಲಿ ಎಲ್ಲಿತ್ತು?

ಕಡಲದಂಡೆ, ಕುಮಟಾ
ದನದ ಕೊಟ್ಟಿಗೆಯಲ್ಲೇ, ಒಂದು ಗೋಡೆ ಅಡ್ಡ.

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಅನುಮಾನ ಬಲವಾಯಿತು. ಆದರೂ ಅನುಮಾನವೇ. ಬದುಕಿರುವ ಕುದುರೆಯಲ್ಲಿ ಇದನ್ನು ಖಚಿತಪಡಿಸುವುದು ಕಷ್ಟ. ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು ನೋಡಬಹುದು, ಅದು ಕಾಲೇಜು ಆಸ್ಪತ್ರೆಯ ಕೆಲಸ.

ಉಳಿದವನ್ನು ವೈದ್ಯರು ತಳ್ಳಿಹಾಕಬೇಕು. ಮುಖ್ಯವಾಗಿ ಸರ್ರಾ. ಕಚ್ಚುವ ದೊಡ್ಡ ನೊಣಗಳು ಹರಡುವ ಟ್ರಿಪನೊಸೋಮಾ ಎಂಬ ಪರಜೀವಿಯ ರೋಗ ಅದು. ಬಿಟ್ಟು ಬಿಟ್ಟು ಜ್ವರ, ರಕ್ತಹೀನತೆ, ಹೊಟ್ಟೆಯಡಿಯಲ್ಲಿ ಬಾವು, ಮೇವು ತಿಂದರೂ ಸೊರಗುವುದು, ಕೊನೆಗೆ ಹಿಂಗಾಲಿನ ಸೋಲು. ಗಾಜಿನ ಮೇಲೆ ಸವರಿದ ರಕ್ತದ ಲೇಪವನ್ನು ಒಮ್ಮೆ ನೋಡಿ ಇಲ್ಲ ಎಂದರೆ ನಂಬಬೇಡಿ, ಪರಜೀವಿ ರಕ್ತದಲ್ಲಿ ಒಂದು ದಿನ ಕಂಡು ಇನ್ನೊಂದು ದಿನ ಕಾಣದು. ಹರಿಯಾಣದ ಹಿಸಾರದಲ್ಲಿ 1985ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಸೀರಂ ಕಳಿಸಿದರೆ ಅಲ್ಲಿ ಪರೀಕ್ಷೆಯಾಗುತ್ತದೆ. ದಿನಕ್ಕೆರಡು ಸಲ ಜ್ವರ ನೋಡಿ ಬರೆಯಿರಿ, ಬೆಳೆದ ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಹರ್ಪಿಸ್ ವೈರಸ್ಸಿನ ನರರೋಗವಾಗಿದ್ದರೆ ಸಾಮಾನ್ಯವಾಗಿ ಅದಕ್ಕೆ ಮೊದಲು ಜ್ವರ ಬಂದಿರುತ್ತದೆ, ಬಾಲ ಸಡಿಲ, ಮೂತ್ರ ತೊಟ್ಟಿಕ್ಕುವುದು ಹೆಚ್ಚು. ಜಪಾನೀಸ್ ಮಿದುಳುಜ್ವರವಾಗಿದ್ದರೆ ಹೆಸರೇ ಹೇಳುವಂತೆ ಮಂಕು, ಜ್ವರ. ಬೂಸಲು ಹಿಡಿದ ಮುಸುಕಿನ ಜೋಳ ಹಾಕಿದ್ದೀರಾ? ಅದರಲ್ಲಿಯ ಶಿಲೀಂಧ್ರದ ವಿಷ ಕುದುರೆಯ ಮೆದುಳನ್ನೇ ಕರಗಿಸುತ್ತದೆ. ನಿಮ್ಮದರಲ್ಲಿ ಮೆದುಳಿನ ಲಕ್ಷಣವಿಲ್ಲ, ಆದರೂ ನಮ್ಮ ಮಳೆಗಾಲದ ಮೇವಿನ ಕೋಣೆಗಳನ್ನು ನೆನೆದು ಕೇಳಿದೆ.

ಮುಂಡಗೋಡ ಕುರಿಗಾರ
ಡಾಕ್ಟರೇ, ನಮ್ಮದು ಕುರಿಮಂದೆಯ ಜೊತೆ ಸಾಮಾನು ಹೊರುವ ತಟ್ಟು. ಯಾರೋ ಕುತ್ತಿಗೆಗೆ ಇಂಜೆಕ್ಷನ್ ಕೊಟ್ಟರು. ಆಮೇಲಿಂದ ಮುಖದ ಒಂದೇ ಬದಿ ಬೆವರುತ್ತದೆ, ಕಿವಿಯ ಬುಡದಿಂದ ಕುತ್ತಿಗೆಯ ಅರ್ಧದವರೆಗೆ ನೀರು ಹಚ್ಚಿದಂತೆ. ಇನ್ನೊಂದು ಬದಿ ಒಣಗಿಯೇ ಇದೆ. ದೃಷ್ಟಿ ತಾಗಿದೆ ಎನ್ನುತ್ತಾರೆ.

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಇಂಜೆಕ್ಷನ್ ಕೊಟ್ಟ ಬದಿಯೇ ಬೆವರುವುದಲ್ಲವೇ? ಆ ಬದಿಯ ಮೇಲ್ರೆಪ್ಪೆಯೂ ಸ್ವಲ್ಪ ಜೋತಿರಬೇಕು, ರೆಪ್ಪೆಗೂದಲು ಕೆಳಮುಖವಾಗಿರಬೇಕು, ನೋಡಿ. ಕುತ್ತಿಗೆಯ ದೊಡ್ಡ ರಕ್ತನಾಳದ ಹತ್ತಿರವೇ ಅನುವೇದಕ ನರ, ಅಂದರೆ ಬೆವರು, ಪಾಪೆಯಂಥವನ್ನು ತಾನಾಗಿ ನಡೆಸುವ ನರ, ಹಾದುಹೋಗುತ್ತದೆ. ಔಷಧ ನಾಳದ ಹೊರಗೆ ಸೋರಿ ಆ ನರಕ್ಕೆ ತಾಗಿದರೆ ಹೀಗಾಗುತ್ತದೆ. ಹಾರ್ನರ್ ಲಕ್ಷಣ ಎಂದು ಹೆಸರು. ಮನುಷ್ಯರಲ್ಲಿ ಇದೇ ತೊಂದರೆಯಾದರೆ ಆ ಬದಿ ಒಣಗುತ್ತದೆ, ಕುದುರೆಯಲ್ಲಿ ಮಾತ್ರ ಬೆವರುತ್ತದೆ. ಬಹಳ ಸಲ ತಾನಾಗಿ ಇಳಿಯುತ್ತದೆ. ಚುಚ್ಚಿದ ಜಾಗ ಬಾತಿದ್ದರೆ, ಬಿಸಿಯಿದ್ದರೆ ತಡಮಾಡದೆ ತೋರಿಸಿ, 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ.

ಮುಂಡಗೋಡ ಕುರಿಗಾರ
ಅದೇ ಬದಿ. ರೆಪ್ಪೆಯೂ ಜೋತಿದೆ. ಜಾಗ ಬಾತಿಲ್ಲ.

ಹಳೇ ಲಗಾಮು, ಹಳಿಯಾಳ
ಇಷ್ಟು ದೂರದಿಂದ ಕಾಣದೆ ಹೇಳಿದಿರಲ್ಲ, ಒಪ್ಪಿದೆ. ಬರೆಯ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಮಜಾಳಿ ಮಾವ, ಕಾರವಾರ
ಅದು ಬದಲಾಗುವುದೂ ಬೇಡ ಮಾರಾಯರೇ, ಕಬ್ಬಿಣ ಕಾಯಿಸದಿದ್ದರೆ ಸಾಕು.

ಕಡಲದಂಡೆ, ಕುಮಟಾ
ವೈದ್ಯರು ಬಂದು ಹೋದರು. ಬರೆದಿಟ್ಟದ್ದನ್ನೂ ಮರಳಿನ ಫೋಟೋಗಳನ್ನೂ ತೋರಿಸಿದೆ. ಮೊದಲಿನಿಂದ ಎಲ್ಲವನ್ನೂ ತಾವೇ ಇನ್ನೊಮ್ಮೆ ಮಾಡಿದರು, ಕೈಗವಸು ಹಾಕಿಕೊಂಡು. ಬಾಲ ಎಳೆದಾಗ ನಿಂತಲ್ಲಿ ಕೆಂಚ ಗಟ್ಟಿ ನಿಂತ, ನಡೆಯುವಾಗ ಎಡಕ್ಕೆ ಎಳೆದರೆ ಪೂರ್ತಿ ಅವರ ಮೇಲೇ ಬಂದುಬಿಟ್ಟ. ಬೆನ್ನುಮೂಳೆಯ ಮೇಲೆ ಒತ್ತಿ ನೋಡಿದರು, ನೋವಿಲ್ಲ, ಬಿದ್ದ ಗುರುತಿಲ್ಲ. ರಕ್ತದ ಲೇಪದಲ್ಲಿ ಸರ್ರಾ ಕಾಣಲಿಲ್ಲ, ಸೀರಂ ಕಳಿಸಿದ್ದಾರೆ. ಶಿವಮೊಗ್ಗದ ಕಾಲೇಜಿನವರ ಜೊತೆ ಫೋನಿನಲ್ಲಿ ಮಾತನಾಡಿ, ಹುಳುವಿಗೂ ಊತಕ್ಕೂ ಔಷಧ ಆರಂಭಿಸಿದ್ದಾರೆ. ಘಟ್ಟ ಹತ್ತಿಸಿ ಅಲ್ಲಿಗೆ ಒಯ್ಯುವುದೇ ಎಂದು ಕೇಳಿದೆ. ಈ ಸ್ಥಿತಿಯಲ್ಲಿ ಲಾರಿಯಲ್ಲಿ ನಿಲ್ಲಲಾರದು, ತಿರುವಿನಲ್ಲಿ ಬಿದ್ದರೆ ಎದ್ದೀತು ಎಂಬ ಭರವಸೆಯಿಲ್ಲ ಎಂದರು. ಚೀಟಿಯಲ್ಲಿ “ಹಿಂಗಾಲು ಎಡ 3, ಬಲ 1, ಮುಂಗಾಲು 0” ಎಂದು ಬರೆದಿದ್ದಾರೆ. ಕೇಳುವುದು ಮರೆತೆ, ಇದೇನು?

ಪಶುವೈದ್ಯ ವಿದ್ಯಾರ್ಥಿನಿ, ಯಲ್ಲಾಪುರ
ಅದು ತೂರಾಟದ ಅಳತೆ ಅಣ್ಣ. ಇಯಾನ್ ಮೇಹ್ಯೂ ಎಂಬ ಪಶುನರವೈದ್ಯರ ಹೆಸರಿನೊಂದಿಗೆ ಬಳಕೆಯಲ್ಲಿದೆ. 0 ಎಂದರೆ ಸಹಜ. 1 ಎಂದರೆ ಸುತ್ತು ಹಾಕಿಸಿದಾಗ, ತಲೆ ಎತ್ತಿಸಿದಾಗ ಮಾತ್ರ ತಿಳಿಯುವಷ್ಟು. 2 ಎಂದರೆ ಸುಮ್ಮನೆ ನಡೆಯುವಾಗಲೂ ಬಲ್ಲವರಿಗೆ ಕಾಣುತ್ತದೆ. 3 ಎಂದರೆ ಯಾರಿಗಾದರೂ ಕಾಣುವಷ್ಟು. 4ರಲ್ಲಿ ಮುಗ್ಗರಿಸಿ ಬೀಳುವ ಸ್ಥಿತಿ. 5 ಎಂದರೆ ಮಲಗಿದ್ದು ಏಳಲಾರದು. ಪ್ರತಿ ಕಾಲಿಗೂ ಬೇರೆ ಬೇರೆ ಅಂಕ ಕೊಡುತ್ತಾರೆ.

ಮಜಾಳಿ ಮಾವ, ಕಾರವಾರ
ಮಲಗಿಬಿಟ್ಟರೆ ಏನು ನೋಡಬೇಕು, ಅದನ್ನೂ ಹೇಳಿ ಡಾಕ್ಟರೇ. ರಾತ್ರಿ ಹೊತ್ತು ವೈದ್ಯರು ಬರುವುದು ತಡವಾಗುತ್ತದೆ.

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಏಳಲು ಹೇಗೆ ಪ್ರಯತ್ನಿಸುತ್ತದೆ ನೋಡಿ. ತಲೆಯನ್ನೇ ಎತ್ತಲಾರದಿದ್ದರೆ ತೊಂದರೆ ಕುತ್ತಿಗೆಯ ಮೇಲ್ಭಾಗದಲ್ಲೋ ಮೆದುಳಿನಲ್ಲೋ. ತಲೆ ಕುತ್ತಿಗೆ ಎತ್ತಿ, ಎದೆಯ ಮೇಲೆ ಏಳಲಾರದಿದ್ದರೆ ಕುತ್ತಿಗೆಯ ಕೆಳಭಾಗ. ಮುಂಗಾಲು ಊರಿ ನಾಯಿಯಂತೆ ಕುಳಿತರೆ ಹೆಗಲಿನ ಹಿಂದೆ. ನೀವು ಫೋನಿನಲ್ಲಿ ಇಷ್ಟು ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ದಪ್ಪ ಹುಲ್ಲು ಹಾಸಿ, ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಕೆಳಗಣ್ಣಿಗೆ ಏಟಾಗದಂತೆ ತಲೆಯಡಿ ಮೆತ್ತನೆಯದು ಇಡಿ. ಸೆಟೆದು ಬಿದ್ದಿದ್ದು, ಸದ್ದಾದಾಗ ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆ ಮೇಲೆ ಬಂದರೆ ಅದು ಧನುರ್ವಾಯು. ಕುದುರೆಯಷ್ಟು ಸುಲಭವಾಗಿ ಅದಕ್ಕೆ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಕಡಲತೀರದಲ್ಲಿ ತುಕ್ಕು ಕಬ್ಬಿಣ, ಚಿಪ್ಪು ತುಳಿಯುವ ಕುದುರೆಗಳಿಗೆ ಲಸಿಕೆ ಹಾಕಿಸದಿರುವುದು ಶುದ್ಧ ಉದಾಸೀನ.

ಕಡಲದಂಡೆ, ಕುಮಟಾ
ಸರ್ರಾ ಇಲ್ಲ ಎಂದು ಹಿಸಾರದಿಂದ ವರದಿ ಬಂತು. ಈಚೆಗೆ ವೈದ್ಯರು ಮತ್ತೆ ನೋಡಿ ಎಡ 2, ಬಲ 0 ಎಂದು ಬರೆದಿದ್ದಾರೆ. ಸುಣ್ಣದ ಗೆರೆ ಹಾಕಿದಲ್ಲಿ ಚರ್ಮ ಇನ್ನೂ ಅದುರುವುದಿಲ್ಲ. ತುಟಿ ನೆಟ್ಟಗಾಗಿದೆ. ಇನ್ನೊಂದು ಕುದುರೆಯನ್ನು ಕೊಟ್ಟಿಗೆಯಿಂದ ದೂರ ಕಟ್ಟಿ, ಸಂಜೆಯಾದರೆ ಬಲೆ ಇಳಿಸುತ್ತಿದ್ದೇವೆ. ಕೆಂಚನ ಮೇಲೆ ಮುಂದೆ ಜನರನ್ನು ಕೂರಿಸಬಹುದೇ?

ಘಟ್ಟದ ಮೇಲಿನ ಪಶುವೈದ್ಯ, ಶಿರಸಿ
ಹುಳು ಸಾಯಬಹುದು. ಅದು ಕೊರೆದ ನರದ ದಾರಿ ಮತ್ತೆ ಬೆಳೆಯುವುದಿಲ್ಲ, ಊತ ಇಳಿದಷ್ಟು ಲಾಭ ಅಷ್ಟೆ. ಕೆಲವು ತಿಂಗಳು ಸುಧಾರಣೆ ಮುಂದುವರಿಯಬಹುದು. ಎಡ 2 ಇರುವವರೆಗೆ ಯಾರನ್ನೂ ಕೂರಿಸಬೇಡಿ, 1ಕ್ಕೆ ಇಳಿದರೂ ಮಕ್ಕಳನ್ನು ಬೇಡವೇ ಬೇಡ. ತಿಂಗಳಿಗೊಮ್ಮೆ ಇಳಿತದಲ್ಲಿ ಅದೇ ಜಾಗದಲ್ಲಿ, ಹಗ್ಗ ಅದೇ ವ್ಯಕ್ತಿಯ ಕೈಯಲ್ಲಿ, ಅದೇ ಬದಿಯಿಂದ ನಡೆಸಿ ಫೋಟೋ ತೆಗೆಯಿರಿ. ಬೇರೆಯವರು ನಡೆಸಿದರೆ ಕುದುರೆಯ ವೇಗ ಬದಲಾಗುತ್ತದೆ, ಹೋಲಿಕೆ ಕೆಡುತ್ತದೆ. ಎಡ ಗೊರಸಿನ ತುದಿ ಇನ್ನಷ್ಟು ಸವೆಯುವ ಮೊದಲು ಲಾಳ ಹೊಡೆಯುವವರಿಗೂ ಒಮ್ಮೆ ತೋರಿಸಿ. ಆ ಕಾಲು ಎತ್ತಿ ಹಿಡಿದಾಗ ಉಳಿದ ಮೂರರ ಮೇಲೆ ಕೆಂಚ ನಿಲ್ಲಲಾರನೇನೋ ಎಂದು ಅವರಿಗೆ ಮೊದಲೇ ಹೇಳಿಬಿಡಿ.